ಕೆನ್ನೆಯ ಜಿಡ್ಡು

ವಿಯೆನ್ನಾದಲ್ಲಿ ಸಿಸೆಷನ್ ಎಂಬ ಕಲಾವಿದರ ಬಳಗದ ವಸಂತದ ಚಿತ್ರಪ್ರದರ್ಶನ ಹತ್ತಿರ ಬಂದಿತ್ತು. ಬಳಗದ ಚಿತ್ರಕಾರ ಓಟೊಕಾರ್, ಹೆಣ್ಣಿನ ಮುಖ ಸಿಂಹದ ಮೈಯ ತನ್ನ ಸ್ಫಿಂಕ್ಸ್ ಚಿತ್ರಕ್ಕೆ ಚಿನ್ನದ ರೇಕು ಅಂಟಿಸುತ್ತಿದ್ದ. ಉಸಿರು ತಾಕಿದರೂ ಹಾರಿಹೋಗುವ ರೇಕು ಅದು, ಕೈಯಲ್ಲಿ ಮುಟ್ಟುವಂತಿಲ್ಲ. ಅಗಲವಾದ ಕುಂಚವನ್ನು ಕೆನ್ನೆಗೊಮ್ಮೆ ಸವರಿದರೆ, ಅದಕ್ಕೆ ಹತ್ತುವ ಒಂದಿಷ್ಟು ಜಿಡ್ಡಿಗೆ ರೇಕು ತಾನಾಗಿ ಎದ್ದು ಬರುತ್ತದೆ. ಓಟೊಕಾರನಿಗೋ ಕೆನ್ನೆಯ ತುಂಬ ಗಡ್ಡ. ಹೆಂಡತಿ ಹರ್ಮೀನೆ ಸಂತೆಗೆ ಹೋಗಿದ್ದಳು. ಸ್ಫಿಂಕ್ಸ್ ಆಗಿ ಕೂತಿದ್ದ ರೂಪದರ್ಶಿ ರೋಸಿನಾಳ ಕೆನ್ನೆಗೇ ಕುಂಚ ಸವರಿಕೊಂಡು ಕೆಲಸ ಮುಂದುವರಿಸಿದ.

ಹರ್ಮೀನೆ ಎಲೆಕೋಸು ಹಿಡಿದು ಒಳಗೆ ಬಂದಾಗ ರೋಸಿನಾಳ ಕೆನ್ನೆ ಮಿನುಗುತ್ತಿತ್ತು. ಗಂಡನ ಗಡ್ಡವೂ ಮಿನುಗುತ್ತಿತ್ತು.

"ಏನ್ರೀ ಇದು? ಮುತ್ತು ಕೊಟ್ರಾ?"

"ನಿನ್ನಾಣೆ ಇಲ್ಲ ಕಣೇ! ರೇಕಿನ ಚೂರು ಹತ್ತಿದ ಕೈಯಲ್ಲಿ ಗಡ್ಡ ಕೆರ್ಕೊಂಡೆ, ಅಷ್ಟೇ. ಅವಳ ಕೆನ್ನೆಗೆ ಬರೀ ಕುಂಚ ಸವರಿದ್ದು."

"ಹೂಂ ಅಮ್ಮಾ, ಕಚಗುಳಿ ತಡೆಯೋಕಾಗ್ಲಿಲ್ಲ," ಎಂದಳು ರೋಸಿನಾ.

ಬಚಾವಾದೆ ಎಂದುಕೊಂಡ ಓಟೊಕಾರ್. ಹರ್ಮೀನೆಯ ಮುಖ ಕೆಂಪಾದದ್ದೇ ಆಗ. ಎಲೆಕೋಸನ್ನು ಮೇಜಿನ ಮೇಲೆ ಕುಕ್ಕಿದಳು.

"ಮದುವೆಯಾದಾಗಿಂದ ನಿಮ್ಮ ಚಿತ್ರದ ಚಿನ್ನ ಎಲ್ಲಾ ನನ್ನ ಕೆನ್ನೆ ಮುಟ್ಟೇ ಹೋಗಿರೋದು. ಆ ಕುಂಚಾನ ಇವಳಿಗೆ ಸವರಿದ್ರಾ? ಮುತ್ತಾಗಿದ್ರೆ ಎರಡು ಬೈದು ಸುಮ್ನಾಗ್ತಿದ್ದೆ!"

ಓಟೊಕಾರ್ ಚೂರಿ ತೆಗೆದುಕೊಂಡು, ಅಂಟಿಸಿದ್ದ ಚಿನ್ನವನ್ನೆಲ್ಲ ಕೆರೆಯತೊಡಗಿದ. ಹರ್ಮೀನೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಮುಖವನ್ನು ಸಿಟ್ಟಿನಿಂದ ಅತ್ತ ತಿರುಗಿಸಿದವಳು, ಕೆನ್ನೆಯನ್ನು ಮಾತ್ರ ಇತ್ತ ಒಡ್ಡಿದಳು.