ಹುಲಗೂರಿನ ಸಕ್ಕರೆ

ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಎಂಟು ತಾಸು ಕುಳಿತು ಎದ್ದವಳ ಮೂಗು, ಹುಬ್ಬು, ಕೂದಲು ಎಲ್ಲ ಬೆಳ್ಳಗಾಗಿರುತ್ತವೆ. ಸವಣೂರಿನ ನನ್ನ ಆಫೀಸಿಗೆ ಯಂಕವ್ವ ಬಂದದ್ದು ಹಾಗೆಯೇ. ಹಿರೇಬೆಂಡಿಗೇರಿಯಿಂದ ದಿನಾ ಬಸ್ಸಿಗೆ ಬಂದು ಹತ್ತಿಯ ಕಸ ಆರಿಸುವವಳು. ಆಳುಗಳ ಮೇಲಿನ ಮುಕಾದಮ ನೀಲಪ್ಪ, ಒತ್ತಿ ಕಟ್ಟಿದ ಹತ್ತಿಯ ಅಂಡಿಗೆ ಇಡುವ ಕೋಣೆಗೆ ಕರೆದು ಅವಳ ಕೈ ಹಿಡಿದು ಎಳೆದಿದ್ದ. ಚೀರಿದಳು. ಮೂವರು ಹೆಂಗಸರು ಓಡಿ ಬಂದು ಕಣ್ಣಾರೆ ಕಂಡರು. ಮಾಲಕರಿಗೆ ಹೇಳಿದ್ದಕ್ಕೆ ಮರುದಿನ ಪಾಳಿ ಮುಗಿಯುತ್ತಲೇ ಯಂಕವ್ವನನ್ನು ಕೆಲಸದಿಂದ ತೆಗೆದರು. ಹತ್ತಿ ಕದ್ದಳು ಎಂದು ಬರೆದರು.

"ಕೆಲಸಾ ಹೋದ್ರ ಹೋಗ್ಲಿರಿ ವಕೀಲ್ರ. ಕಳ್ಳಿ ಅನ್ನಿಸ್ಕೊಂಡು ಊರಾಗ ಹೆಂಗ ಅಡ್ಡಾಡ್ಲಿ?"

"ನೋಡಿದವರು ಸಾಕ್ಷಿ ಹೇಳ್ತಾರೇನವಾ?"

"ಹೇಳ್ತಾರ್ರಿ. ಮುನವ್ವರಾ ಅಂತೂ ಹೇಳೇ ಹೇಳ್ತಾಳ."

ಅದು ಎಂಬತ್ಮೂರನೇ ಇಸವಿ. ನಾನು ಕರಿಕೋಟು ಹಾಕಿ ಹನ್ನೆರಡು ವರ್ಷವಾಗಿತ್ತು. ನನ್ನಜ್ಜ ಮಠದಲ್ಲಿ ಪಾಠ ಹೇಳಿದವರು. ಮೊಮ್ಮಗನಾದ ನಾನು ಇಂಥ ಕೇಸು ಹಿಡಿದು ಕೂತೆ. ಗೋದಾಮಿನ ಕಳವು ಬಯಲಿಗೆಳೆದ ಕಾರಕೂನ, ಹಾಲಿನ ಪುಡಿ ಮಾರಿದ್ದನ್ನು ಹೇಳಿದ ದವಾಖಾನೆಯ ಆಯಾ. ಹೇಳಿದವರು ಕೆಲಸ ಕಳಕೊಂಡು ಮನೆಗೆ ಹೋದರು, ತಿಂದವರಿಗೆ ಬಡ್ತಿ ಸಿಕ್ಕಿತು. ಸುಳ್ಳೇಕೆ ಹೇಳಲಿ, ಯಂಕವ್ವನನ್ನು ನೋಡಿದಾಗಲೂ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸುಸ್ತು.

ಕಳವಿನ ಮಾತು ಸುಳ್ಳು, ಅವಳನ್ನು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಮಾಲಕರ ಮೇಲೆ ಕೇಸು ಹಾಕಿದೆ. ಎರಡು ವರ್ಷ ಬರೀ ತಾರೀಖು ಬಿದ್ದವು. ಕೊನೆಗೆ ಮುನವ್ವರಾ ಸಾಕ್ಷಿಕಟ್ಟೆ ಹತ್ತಿದಳು. ಸಿಪಾಯಿ ಪ್ರಮಾಣ ಹೇಳಿಕೊಟ್ಟ. ಅವಳು ಎತ್ತಿದ ಕೈ ಕೆಳಗಿಳಿಸಿದಳು.

"ಹೇಳವಾ," ಎಂದೆ.

"ಆಗಂಗಿಲ್ರಿ. ಒಂದ ಬಾಯಾಗ ಎರಡ ಆಣಿ ಹೆಂಗ ಮಾಡ್ಲಿ?"

ನ್ಯಾಯಾಧೀಶ ಸಾಹೇಬರು ತಲೆ ಎತ್ತಿದರು. "ಇನ್ನೊಂದು ಯಾವುದು?"

"ಹುಲಗೂರ ದರ್ಗಾದ ಮುಂದ ಮಾಡೇನ್ರಿ. ನೀಲಪ್ಪ ನಮ್ಮ ಮೂವರನ್ನ ಟ್ರ್ಯಾಕ್ಟರಿನಾಗ ಕರ್ಕೊಂಡು ಹೋದ. ಸಕ್ಕರಿ ಮ್ಯಾಲ ಫಾತೇಹಾ ಓದಿಸಿ ನಮ್ಮ ಕೈಯಾಗ ಹಾಕಿದ. 'ನಾ ಯಂಕವ್ವನ ಕೈ ಹಿಡಿದು ಎಳದದ್ದು ಎಲ್ಲೂ ಹೇಳಂಗಿಲ್ಲ ಅಂತ ಆಣಿ ಮಾಡಿ ತಿನ್ರಿ' ಅಂದ. ತಿಂದೇವ್ರಿ. ಅದಕ್ಕ ನಾ ಏನೂ ಹೇಳಂಗಿಲ್ರಿ."

ಯಾರೋ ಹಿಂದೆ ನಕ್ಕರು. ಹೇಳುವುದಿಲ್ಲ ಎನ್ನುತ್ತಲೇ ಎಲ್ಲ ಹೇಳಿಬಿಟ್ಟಿದ್ದಳು. ಪಾಪ, ಅವಳಿಗದು ಗೊತ್ತೇ ಇರಲಿಲ್ಲ.

"ಇದನ್ನ ಬರಕೋಬೇಕ್ರಿ ಸಾಹೇಬ್ರ," ಎಂದು ನಾನು ಎದ್ದೆ.

"ಪ್ರಮಾಣ ಮಾಡದವಳ ಮಾತು ಹೆಂಗ ಬರಕೋತಾರ?" ಎಂದು ಮಾಲಕರ ವಕೀಲ ಎದ್ದ.

ಸಾಹೇಬರು ಗಡಿಯಾರ ನೋಡಿದರು. ಊಟದ ಹೊತ್ತಾಗಿತ್ತು. 'ಸಾಕ್ಷಿ ಪ್ರಮಾಣ ಮಾಡಲು ಒಪ್ಪಲಿಲ್ಲ' ಎಂದು ಬರೆಸಿದರು. ಉಳಿದಿಬ್ಬರು ಸಾಕ್ಷಿಗಳು, ಸುಶೀಲವ್ವನೂ ಶೇಖವ್ವನೂ ಅದನ್ನೇ ಹೇಳಿದರು. ಅವರಿಗೂ ಅದೇ ಒಂದು ಸಾಲು. ತಿಂಗಳ ಮೇಲೆ ತೀರ್ಪು ಬಂತು. ಯಂಕವ್ವ ಸೋತಳು.

ತಪ್ಪು ನನ್ನದೂ ಇತ್ತು. ಸಾಕ್ಷಿಗೆ ಮೊದಲು ಮೂರು ಸಲ ಮುನವ್ವರಾಳನ್ನು ಕೂಡಿಸಿಕೊಂಡು ಮಾತಾಡಿದ್ದೆ. ಮೂರು ಸಲವೂ ಆಕೆ ತಲೆ ತಗ್ಗಿಸಿದಳು. ಯಾಕವಾ ಎಂದು ನಾನು ಒಂದು ಮಾತು ಕೇಳಲಿಲ್ಲ.

ತೀರ್ಪಿನ ದಿನ ಕೋರ್ಟಿನ ಹೊರಗೆ ಮುನವ್ವರಾಳೇ ಕೇಳಿದಳು. "ನಮ್ಮ ಆಣಿ ಉಳೀತೋ ಇಲ್ಲೋರಿ?"

"ಉಳೀತವಾ."

"ಅಲ್ಲಿ ಅಷ್ಟು ಮಾತಾಡಿದ್ರೂ ಉಳೀತೇನ್ರಿ?"

"ಹೇಳಂಗಿಲ್ಲ ಅಂತನ ಅಂದೀರಿ. ಮುರದಂಗ ಹೆಂಗಾತು?"

ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಆಮೇಲೆ, "ನಾಳೆ ಮುಂಜಾನೆ ಜಿನ್ನಿನ ಕಡೆ ಬರ್ರಿ," ಎಂದಳು.

ಹೋಗಲು ಮನಸ್ಸಿರಲಿಲ್ಲ. ಸೋತ ವಕೀಲನಿಗೆ ಅಲ್ಲೇನು ಕೆಲಸ? ಆದರೂ ಹೋದೆ. ಗೇಟಿನ ಮುಂದೆ ನಲವತ್ತು ಹೆಂಗಸರು ನಿಂತಿದ್ದರು. ಯಂಕವ್ವನೂ ಇದ್ದಳು. ಮುನವ್ವರಾ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು:

"ನೀಲಪ್ಪ ಯಂಕವ್ವನ ಕೈ ಹಿಡಿದು ಎಳದದ್ದು ನಾವು ಹೇಳಂಗಿಲ್ರವಾ. ಹತ್ತಿ ಕದ್ದಾಳ ಅಂತ ಸುಳ್ಳ ಬರದದ್ದೂ ಹೇಳಂಗಿಲ್ಲ. ಆಣಿ ಐತಿ."

ನೀಲಪ್ಪ ಗೇಟಿಗೆ ಓಡಿ ಬಂದ. "ಏ, ಸಕ್ಕರಿ ತಿಂದು ಆಣಿ ಮುರೀತಿ?"

"ಎಲ್ಲಿ ಮುರದೇನಿ? ಏನೇನ ಹೇಳಂಗಿಲ್ಲ ಅನ್ನೂದನ್ನ ಹೇಳಾಕತ್ತೇನಿ."

ಸುಶೀಲವ್ವ ಸೆರಗು ಸಿಕ್ಕಿಸಿಕೊಂಡು ಗೇಟಿಗೆ ಅಡ್ಡ ಕುಳಿತಳು. "ಯಂಕವ್ವ ಒಳಗ ಬಂದ್ರ ನಾವೂ ಬರ್ತೇವಿ," ಎಂದಳು. ಒಬ್ಬೊಬ್ಬರೇ ಅವಳ ಪಕ್ಕದಲ್ಲಿ ಕುಳಿತರು. ಅವತ್ತು ಹನ್ನೊಂದಾದರೂ ಜಿನ್ನು ಶುರುವಾಗಲಿಲ್ಲ.