ತೆಗೆದುಹಾಕಲು ಕಾರಣ

ಆ ಮನೆಯ ಕಂಪ್ಯೂಟರು ಮಧ್ಯಾಹ್ನದ ಹೊತ್ತು ತಾನಾಗಿ ಎದ್ದು ಕೂರುತ್ತಿತ್ತು. ಯಾರೂ ಮುಟ್ಟಬೇಕಿರಲಿಲ್ಲ. ಮೇಜಿನ ಕೆಳಗಿನ ಡಬ್ಬದಲ್ಲಿ ಫ್ಯಾನು ಗುಂಯ್ ಎನ್ನಲು ಶುರುವಾಗುತ್ತಿತ್ತು, ಕಪ್ಪು ಪರದೆ ನೀಲಿಗೆ ತಿರುಗುತ್ತಿತ್ತು, ಆಮೇಲೆ ಚಮಚದಲ್ಲಿ ಲೋಟ ತಟ್ಟಿದ ಹಾಗೆ ಟಿಣ್ ಎಂದು ಒಂದು ಸದ್ದು. ಅದನ್ನು ಆಸೆಪಟ್ಟು ತಂದಿಟ್ಟುಕೊಂಡಿದ್ದ ಅಪ್ಪ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು.

ಮಗಳು ಇದನ್ನು ಕಂಡದ್ದು ಜ್ವರ ಬಂದು ಕನ್ನಡಕದಂಗಡಿಯ ಕೆಲಸಕ್ಕೆ ರಜೆ ಹಾಕಿದ ದಿನ. ಒಳಕೋಣೆಯಲ್ಲಿ ಮಲಗಿದ್ದವಳು ಸದ್ದು ಕೇಳಿ ಎದ್ದು ಬಂದರೆ, ಅಮ್ಮ ಆಗಲೇ ತಲೆ ಬಾಚಿ, ಒಗೆದ ಬಟ್ಟೆ ತೊಟ್ಟು, ಯಾರನ್ನೋ ನೋಡಲು ಹೊರಟವಳಂತೆ ಪರದೆಯ ಮುಂದೆ ಕೂತಿದ್ದಳು. ಮಗಳನ್ನು ಕಂಡದ್ದೇ ಪರದೆಗೆ ಅಂಗೈ ಅಡ್ಡ ಇಟ್ಟಳು.

"ಏನಮ್ಮ ಅದು?"

"ಏನಿಲ್ಲ. ನೀನು ಹೋಗಿ ಮಲ್ಕೋ."

ಅಮ್ಮನ ಮುಖದಲ್ಲಿ ಭಯದ ಸುಳಿವೇ ಇರಲಿಲ್ಲ. ಅದನ್ನು ನೋಡಿಯೇ ಮಗಳಿಗೆ ಭಯವಾಯಿತು.

ಯಾಕೆಂದರೆ ಅಮ್ಮ ಕಣ್ಣೆದುರೇ ಇಳಿದುಹೋಗುತ್ತಿದ್ದಳು. ಹೃದಯದ ಡಾಕ್ಟರು ಮಾತ್ರೆ ಬದಲಿಸಿ ನೋಡಿದರು, ಹೆಚ್ಚಿಸಿ ನೋಡಿದರು, ಕೊನೆಗೆ ಕೈಚೆಲ್ಲಿದರು. "ಇಷ್ಟು ಕೊಟ್ರೂ ಹಿಡೀತಾ ಇಲ್ಲ ಅಂದ್ರೆ ನನಗೂ ಅರ್ಥ ಆಗ್ತಿಲ್ಲ. ಹೀಗೇ ಆದ್ರೆ ಬಹಳ ದಿನ ಎಳೆಯೋದು ಕಷ್ಟ." ಮಗಳು ಕೆಲಸಕ್ಕೆ ಹೊರಡುವ ಮುಂಚೆ ಮಧ್ಯಾಹ್ನದ ಮಾತ್ರೆಗಳನ್ನು ಬಟ್ಟಲಲ್ಲಿ ಹಾಕಿಟ್ಟೇ ಹೋಗುತ್ತಿದ್ದಳು. ಸಂಜೆ ಬಂದರೆ ಬಟ್ಟಲು ಖಾಲಿ. ಹಾಗಾದರೆ ಆ ಯಂತ್ರದೊಳಗೆ ಏನೋ ಸೇರಿಕೊಂಡು ಅಮ್ಮನನ್ನು ಹೀರುತ್ತಿದೆ ಎಂದು ಅವಳಿಗೆ ಅನ್ನಿಸತೊಡಗಿತು. ನಾಲ್ಕು ಅಕ್ಷರ ಕಲಿತವಳು, ಇದನ್ನು ಯಾರ ಮುಂದೆ ಬಾಯಿಬಿಟ್ಟು ಹೇಳಿಯಾಳು? ತೆಪ್ಪಗೆ ತಂತಿಗೆ ಫೋನು ಮಾಡಿದಳು.

ತಂತಿ ಎಂದರೆ ಕಂಪ್ಯೂಟರ್ ರಿಪೇರಿಯವನು, ಅಪ್ಪನ ವಾರಿಗೆಯವನು. ಯಾರ ಮನೆಗೆ ಹೋದರೂ ಅವನು ಮೊದಲು ಇಂಟರ್ನೆಟ್ ತಂತಿ ಕಿತ್ತು ಪಕ್ಕಕ್ಕಿಡುತ್ತಿದ್ದ. ಕೆಲಸ ಮುಗಿಯುವ ತನಕ ಯಾರು ಗೋಗರೆದರೂ ಮತ್ತೆ ಸಿಕ್ಕಿಸುತ್ತಿರಲಿಲ್ಲ. ಹೀಗಾಗಿ ಬೀದಿಯವರು ಅವನ ಹೆಸರು ಮರೆತೇಬಿಟ್ಟಿದ್ದರು. ಈ ಮನೆಗೆ ಬಂದ ಮಧ್ಯಾಹ್ನವೂ ತಂತಿ ಕಿತ್ತಿಟ್ಟು, ಕನ್ನಡಕ ಏರಿಸಿ ಪರದೆ ನೋಡಿದವನೇ ನಿಟ್ಟುಸಿರುಬಿಟ್ಟ.

"ನಿಮ್ಮಪ್ಪ ಹೋದ್ರೂ ಅವರ ನೆಂಟರು ಇನ್ನೂ ಗಂಟುಮೂಟೆ ಕಟ್ಟಿಲ್ವಲ್ಲಮ್ಮ."

ನೆಂಟರು ಎಂದದ್ದು ಸುಮ್ಮನೆ ಅಲ್ಲ. ಅಪ್ಪನಿಗೆ ಯಾರಿಗೂ ಇಲ್ಲ ಎನ್ನಲು ಗೊತ್ತಿರಲಿಲ್ಲ. ಪರದೆಯ ಮೇಲೆ ಯಾವ ಕಿಟಕಿ ತೆರೆದುಕೊಂಡು 'ಒಳಗೆ ಬರಲೇ' ಎಂದು ಕೇಳಿದರೂ 'ಹೌದು' ಒತ್ತುತ್ತಿದ್ದರು. ತಂತಿ ಬೈದರೆ, "ಪಾಪ, ಬಾಯಿಬಿಟ್ಟು ಕೇಳ್ತಿದೆ, ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಕ್ಕಾಗುತ್ತಾ?" ಎಂದು ನಗುತ್ತಿದ್ದರು. ಅಂಥವರ ಮನೆಗೆ ಯಾರು ತಾನೆ ಬರುವುದಿಲ್ಲ? ತೂಕ ಇಳಿಸುವವರು, ಬಹುಮಾನ ಹಂಚುವವರು, ಕೂದಲು ಬೆಳೆಸುವವರು, ಎಲ್ಲರೂ ಬಂದು ಠಿಕಾಣಿ ಹೂಡಿದ್ದರು. ತಂತಿ ಒಬ್ಬೊಬ್ಬರನ್ನೇ ಕತ್ತು ಹಿಡಿದು ಆಚೆಗೆ ತಳ್ಳತೊಡಗಿದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಟಾಣಿ ಬಿಡಿಸುತ್ತಾ ನೋಡುತ್ತಿದ್ದಳು.

ಅಷ್ಟರಲ್ಲಿ ಟಿಣ್ ಎಂದಿತು. ಅಮ್ಮನ ಬೆರಳು ನಿಂತಿತು. ಪರದೆಯ ಮೂಲೆಯಿಂದ ಒಂದು ಹಳದಿ ಕಿಟಕಿ ಮೆಲ್ಲಗೆ ಮೇಲೆದ್ದಿತು.

'ಗುಬ್ಬಚ್ಚಿ, ನಿನ್ನ ನೋಡಿ ಎಷ್ಟು ದಿನವಾಯಿತು. ನಿನಗಾಗಿ ಕಾಯುತ್ತಿದ್ದೇನೆ. ಯಾವಾಗ ಬರುತ್ತೀಯ?'

"ಯಾರು ಮಾಮ, ಗುಬ್ಬಚ್ಚಿ?" ಮಗಳು ಕೇಳಿದಳು.

"ಇದು ಇಸ್ಪೀಟು ಆಡಿಸೋ ಕಂಪನಿಯದ್ದು, ತಂತಿ ಕಿತ್ರೂ ಒಳಗೇ ಕೂತಿರ್ತದೆ. ಬಹಳ ದಿನ ಆಡದೇ ಇದ್ದೋರನ್ನ ದಿನಾ ಇದೇ ಹೊತ್ತಿಗೆ ಕರೀತದೆ. ಮಲಗಿರೋ ಮಷೀನನ್ನೂ ಎಬ್ಬಿಸುತ್ತೆ, ಭಂಡ ನನ್ಮಗಂದು. ಸೇರ್ಕೊಳ್ಳುವಾಗ ಹೆಸರು ಕೇಳಿರುತ್ತೆ. ನಿಜವಾದ ಹೆಸರು ಕೊಡಬೇಡಿ ಅಂತ ನಾನೇ ನಿಮ್ಮಪ್ಪಂಗೆ ತಾಕೀತು ಮಾಡಿದ್ದೆ. ಬಾಯಿಗೆ ಬಂದಿದ್ದು ಬರೆದಿದ್ದಾರೆ."

ಅಮ್ಮ ಮತ್ತೆ ಬಟಾಣಿ ಬಿಡಿಸತೊಡಗಿದಳು.

ಫ್ಯಾನಿನ ಸದ್ದು ತಂತಿಗೆ ಹಿಡಿಸಲಿಲ್ಲ. ಧೂಳು ಕೂತಿರಬೇಕು ಎಂದು ಮಷೀನು ಆರಿಸಿ, ಡಬ್ಬದ ಪಕ್ಕದ ತಗಡು ಬಿಚ್ಚಿದ. ಬಿಚ್ಚಿದವನು ಹಾಗೇ ಕೂತ. ಮಗಳು ಬಗ್ಗಿ ನೋಡಿದಳು. ಬೂದು ಧೂಳಿನ ನಡುವೆ, ತಳದಲ್ಲಿ, ಮಾತ್ರೆಗಳು ಬಿದ್ದಿದ್ದವು. ಬಿಳಿಯವು, ಗುಲಾಬಿಯವು, ಅರ್ಧ ಪುಡಿಯಾದವು, ಹಿಡಿ ಹಿಡಿ. ಮೇಲುಗಡೆ ಸಿ.ಡಿ. ಹಾಕುವ ಕಡೆ ಮುಚ್ಚಳ ಕಿತ್ತುಹೋಗಿ ಒಂದು ಸಂದಿಯಿತ್ತು. ಅದರಲ್ಲಿ ಹಾಕಿದ್ದೆಲ್ಲ ಒಳಗೆ ಸೇರಿತ್ತು.

ಮಗಳು ನೆಲದ ಮೇಲೇ ಕೂತಳು. "ಯಾಕಮ್ಮ?"

"ಕರೀತಿದ್ರಲ್ಲ," ಅಂದಳು ಅಮ್ಮ. "ನಿಮ್ಮೆಲ್ಲರ ಎದುರಿಗೆ ನನ್ನ ಯಾವತ್ತೂ ಇವಳೇ ಅಂತಲೇ ಕರೆದಿದ್ದು. ಆ ಹೆಸರು ಅವರಿಗೆ, ನನಗೆ ಬಿಟ್ರೆ ಭೂಮಿ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಅದೇ ಹೆಸರು ಹಿಡಿದು ದಿನಾ ಯಾವಾಗ ಬರ್ತೀಯ ಅಂದ್ರೆ, ಮಾತ್ರೆ ನುಂಗಿ ಇಲ್ಲೇ ಕೂತಿರ್ಲಾ?"

"ನಾನಿಲ್ವಾ ಅಮ್ಮ ಇಲ್ಲಿ?"

ಅಮ್ಮ ಮಗಳ ತಲೆಯ ಮೇಲೆ ಕೈಯಿಟ್ಟಳು. ಆ ಕೈ ತಣ್ಣಗಿತ್ತು. ಮಗಳು ಸಿಟ್ಟು, ದುಃಖ ಎರಡೂ ಒಟ್ಟಿಗೆ ಬಂದು ಬಿಕ್ಕಿಬಿಕ್ಕಿ ಅತ್ತಳು.

ತಂತಿ ಧೂಳು ಒರೆಸಿ, ತಗಡು ಮುಚ್ಚಿ, ಮಷೀನು ಹಾಕಿದ. "ಇದನ್ನ ಒಂದೇ ಏಟಿಗೆ ಕಿತ್ತು ಬಿಸಾಕ್ತೀನಿ," ಅಂದ.

"ಬೇಡ. ನಾನೇ ಕಳಿಸ್ತೀನಿ," ಅಂದಳು ಅಮ್ಮ.

ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ. ಎಲ್ಲಿ ಒತ್ತಬೇಕೆಂದು ತೋರಿಸಿದ. ಹಳದಿ ಕಿಟಕಿ ಅಷ್ಟು ಸುಲಭಕ್ಕೆ ಬಗ್ಗುವುದಾಗಿರಲಿಲ್ಲ.

'ಗುಬ್ಬಚ್ಚಿ, ನಿಜವಾಗಿಯೂ ನನ್ನನ್ನು ತೆಗೆದುಹಾಕಬೇಕೇ?'

ಅಮ್ಮ ಅದನ್ನು ಓದಿದಳು. ಮಗಳ ಕಡೆ ತಿರುಗಿದಳು. ಆಮೇಲೆ, ಅಪ್ಪ ಜೀವಮಾನವಿಡೀ ಒತ್ತಿದ್ದ 'ಹೌದು' ಒತ್ತಿದಳು. ಕಿಟಕಿ ಮತ್ತೊಂದು ಕೇಳಿತು.

'ತೆಗೆದುಹಾಕಲು ಕಾರಣ? ಇಷ್ಟವಾಗಲಿಲ್ಲ. ಬೇಸರವಾಯಿತು. ಇತರೆ.'

"ಅದನ್ನ ತುಂಬಲೇಬೇಕು ಅಂತೇನಿಲ್ಲ ಅಕ್ಕ," ಅಂದ ತಂತಿ.

"ಕೇಳಿದ್ದಾರಲ್ಲ. ಇಷ್ಟ ಆಗ್ಲಿಲ್ಲ ಅಂತ ಹೇಗೆ ಒತ್ತಲಿ?"

ಅಪ್ಪ ಕೀಲಿಮಣೆಗೆ ಕನ್ನಡ ಅಕ್ಷರಗಳ ಚೀಟಿ ಅಂಟಿಸಿದ್ದರು. ಅಮ್ಮ 'ಇತರೆ' ಒತ್ತಿ, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಬರೆದಳು. 'ಮೊದಲು ಬಿಟ್ಟು ಹೋದದ್ದು ನೀವು.'

ಕಳುಹಿಸಿ ಎಂಬಲ್ಲಿ ಒತ್ತಿದಳು. ಚಕ್ರ ತಿರುಗಿ ತಿರುಗಿ ನಿಂತಿತು. 'ಸಂಪರ್ಕವಿಲ್ಲ.'

"ಹೋಗ್ಲಿಲ್ವಾ?" ಅಂದಳು ಅಮ್ಮ. ಚಿಕ್ಕ ಹುಡುಗಿಯ ದನಿಯಂತಿತ್ತು.

ತಂತಿ ಪಕ್ಕಕ್ಕಿಟ್ಟಿದ್ದ ತಂತಿಯನ್ನು ನೋಡಿದ, ಅಮ್ಮನನ್ನು ನೋಡಿದ. ಮೇಜಿನ ಕೆಳಗೆ ತೂರಿ ಅದನ್ನು ಸಿಕ್ಕಿಸಿದ. "ಈಗ ಒತ್ತಿ ಅಕ್ಕ."

ಹೋಯಿತು. ಕಿಟಕಿ ಮುಚ್ಚಿಕೊಂಡಿತು. ತಂತಿ ಮತ್ತೆ ತಂತಿ ಕಿತ್ತಿಟ್ಟು, ಕೈಯಲ್ಲಿಲ್ಲದ ಧೂಳನ್ನು ಒರೆಸಿಕೊಳ್ಳುತ್ತಾ ಮೇಜಿನ ಕೆಳಗೇ ಇದ್ದ. ಅಮ್ಮ ಅಂಗೈ ಚಾಚಿ, "ಮಾತ್ರೆ ಕೊಡು," ಅಂದಳು.

ಮರುದಿನ ಮಗಳು ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನ ಆ ಹೊತ್ತಿಗೆ ಅಮ್ಮ ತಲೆ ಬಾಚಲಿಲ್ಲ, ಬಟ್ಟೆ ಬದಲಿಸಲಿಲ್ಲ. ಮಾತ್ರೆ ನುಂಗಿ, ನೀರು ಕುಡಿದು, ಮಗಳ ಪಕ್ಕದಲ್ಲಿ ಕೂತಳು. ಪರದೆ ಕಪ್ಪಗೇ ಇತ್ತು. ಅಮ್ಮನ ಕಿವಿ ಮಾತ್ರ ಆ ಕಡೆಗೇ ಇತ್ತು, ಮಗಳದೂ.