ಹತ್ತಡಿಯೊಳಗೆ ಬಂದ ಮೊಲ

ನನ್ನ ಕ್ಯಾಮೆರಾ ಒಂದು ಡಬ್ಬ. ಕಣ್ಣಿಟ್ಟು ನೋಡಲು ಕಿಂಡಿ, ಒತ್ತಲು ಗುಂಡಿ, ಅಷ್ಟೇ. ದೂರದ್ದನ್ನು ಹತ್ತಿರ ತರುವ ಲೆನ್ಸೆಲ್ಲ ಸಾಹುಕಾರರ ಪಾಲು. ನನ್ನಂಥವಳು ಪ್ರಾಣಿಯ ಹತ್ತಿರಕ್ಕೆ ತಾನೇ ಹೋಗಬೇಕು. ತೀರ ಹತ್ತಿರವೂ ಹೋಗುವಂತಿಲ್ಲ. ಹತ್ತಡಿಯೊಳಗೆ ಬಂದದ್ದೆಲ್ಲ ಇದರಲ್ಲಿ ಮಸುಕಾಗಿಬಿಡುತ್ತದೆ. ಹತ್ತು ಹನ್ನೆರಡು ಅಡಿಯಷ್ಟು ಹತ್ತಿರಕ್ಕಾದರೂ ಬಿಟ್ಟುಕೊಳ್ಳುವ ಪ್ರಾಣಿ ಪೀಣ್ಯದ ಸುತ್ತಮುತ್ತ ಯಾವುದಿದೆ ಹೇಳಿ, ನಮ್ಮ ಕ್ವಾರ್ಟರ್ಸಿನ ನಾಯಿಗಳನ್ನು ಬಿಟ್ಟು? ಒಂದು ಭಾನುವಾರ ಪೂರ್ತಿ ಮುಂಗುಸಿಯ ಹಿಂದೆ ತೆವಳಿದ್ದಕ್ಕೆ ಸಿಕ್ಕಿದ್ದು ಬಾಲ ಮಾತ್ರ. ಕಾರ್ಖಾನೆಯಲ್ಲಿ ನನ್ನ ಪಕ್ಕ ಕೂತು ಕೆಲಸ ಮಾಡುವ ಪ್ರಭಾ ಅದನ್ನು ನೋಡಿ, "ಪೊರಕೆ ಚೆನ್ನಾಗಿ ಬಂದಿದೆ ಕಣೆ ವಾಸಂತಿ" ಎಂದಳು. ಅವಳ ಜೊತೆ ಮಾತು ಬಿಟ್ಟೆ. ಒಂದೇ ಒಂದು ಕಾಡುಪ್ರಾಣಿ, ಕಣ್ಣು ಕಿವಿ ಮೀಸೆ ಸಮೇತ, ನನ್ನ ಡಬ್ಬದೊಳಗೆ ಬೀಳಲೇಬೇಕು ಎಂದು ಹಟ ಹಿಡಿದು ಕೂತೆ.

ದಾರಿ ತೋರಿಸಿದ್ದು ವೆಂಕಟಮ್ಮ. ಮಾದನಾಯಕನಹಳ್ಳಿಯ ಕಡೆಯಿಂದ ನಮ್ಮ ಮನೆಗೆ ಹಾಲು ತರುವವಳು. ಅವರ ರಾಗಿ ಕೊಯ್ಲಿನ ಸುದ್ದಿ ಹೇಳುತ್ತ, ಸುತ್ತಲಿಂದ ಕೊಯ್ಯುತ್ತ ನಡುವಿಗೆ ಬರುತ್ತೇವೆ, ಹೊಲದೊಳಗಿನ ಮೊಲ ಹಿಂದೆ ಸರಿಯುತ್ತ ಸರಿಯುತ್ತ ಕೊನೆಗೆ ಉಳಿದ ಚೂರು ರಾಗಿಯಲ್ಲಿ ಅಡಗುತ್ತದೆ, ಆಗ ಕೋಲು ಹಿಡಿದು ಸುತ್ತುಗಟ್ಟಿದರೆ ಸಂಜೆಗೆ ಸಾರು ಎಂದಳು. ನನ್ನ ತಲೆಯಲ್ಲಿ ದೀಪ ಹತ್ತಿತು. ನಾನು ಮೊಲದ ಹಿಂದೆ ಹೋಗುವುದೇ ಬೇಡ. ಆ ಕೊನೆಯ ರಾಗಿಯಲ್ಲಿ ಕೂತರೆ ಸಾಕು, ಕೊಯ್ಯುವವರೇ ಅದನ್ನು ನನ್ನ ಮುಂದಕ್ಕೆ ತಂದು ನಿಲ್ಲಿಸುತ್ತಾರೆ.

"ಬಾರಕ್ಕ. ಪೋಟೋ ನಿಂಗೆ, ಮೊಲ ನಮ್ಗೆ" ಎಂದಳು ವೆಂಕಟಮ್ಮ. ಒಪ್ಪಂದ ನ್ಯಾಯವಾಗಿಯೇ ಕಂಡಿತು.

ಕೊಯ್ಲಿನ ದಿನ ಅವಳ ಗಂಡ ಗೋಪಾಲಪ್ಪ ನನ್ನನ್ನು ಹೊಲದ ನಡುವೆ, ರಾಗಿಯ ಮಧ್ಯೆ ಅವರೆ ಬಿತ್ತಿದ್ದ ಅಕ್ಕಡಿ ಸಾಲಿನಲ್ಲಿ ಕೂರಿಸಿದ. ಸಾಲಿನುದ್ದಕ್ಕೂ ಕಣ್ಣು ಹಾಯುತ್ತಿತ್ತು. ನನ್ನ ಬೆನ್ನ ಹಿಂದಿನ ರಾಗಿ ಆಗಲೇ ಕೊಯ್ದಾಗಿತ್ತು. ಉಳಿದ ಮೂರು ಕಡೆಯಿಂದ ಕುಡುಗೋಲುಗಳ ಸರಕ್ ಸರಕ್ ಸದ್ದು ಹತ್ತಿರವಾಗುತ್ತಿತ್ತು. ಸೊಳ್ಳೆ ಕಚ್ಚಿದರೂ ಅಲ್ಲಾಡಲಿಲ್ಲ. ಹಾಗೆ ಅಲ್ಲಾಡದೆ ಕೂತದ್ದು ನನ್ನ ಮದುವೆಯಲ್ಲೂ ಇಲ್ಲ.

ಬಂತು. ಸಾಲಿನ ಆ ತುದಿಯಲ್ಲಿ ಮೊದಲು ಎರಡು ಕಿವಿ, ಆಮೇಲೆ ಇಡೀ ಮೊಲ. ನನಗೆ ಉಸಿರಾಡುವುದೇ ಮರೆತುಹೋಯಿತು. ಅದರ ಮುಖಕ್ಕೆ ಅಡ್ಡ ಒಂದೇ ಒಂದು ರಾಗಿ ಕಡ್ಡಿ. ಸರಿಯಲಿ, ಸ್ವಲ್ಪ ಸರಿಯಲಿ ಎಂದು ಕಾದೆ. ಸರಿಯಿತು, ಆದರೆ ನನ್ನ ಕಡೆಗೇ. ಹತ್ತಡಿ ಹೋಗಿ ಎಂಟಾಯಿತು, ಎಂಟು ಹೋಗಿ ಐದಾಯಿತು. ನಾನು ಕೂತಲ್ಲೇ ಹಿಂದಕ್ಕೆ ಜಾರಿದೆ. ಅದು ಮತ್ತೆ ಮುಂದೆ ಬಂತು. ಕಾಡುಪ್ರಾಣಿಯೊಂದಕ್ಕೆ ಸ್ವಲ್ಪ ದೂರ ಹೋಗಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಕುಡುಗೋಲಿಗೆ ಹೆದರಿದ ಅದಕ್ಕೆ ನಾನೊಂದು ಪೊದೆ. ನೇರ ಬಂದು ನನ್ನ ಮಂಡಿಗೆ ಮೈ ಒತ್ತಿ ಕೂತುಬಿಟ್ಟಿತು.

ಸೀರೆಯ ಮೇಲಿಂದಲೇ ಅದರ ಎದೆಬಡಿತ ತಿಳಿಯುತ್ತಿತ್ತು. ಹೊಲಿಗೆ ಯಂತ್ರದ ಹಾಗೆ ಬಡಿದುಕೊಳ್ಳುತ್ತಿತ್ತು.

ಕುಡುಗೋಲಿನ ಸದ್ದು ನಿಂತಿತು. ಕೋಲು ಹಿಡಿದ ಗೋಪಾಲಪ್ಪ ಮೆಲ್ಲಗೆ ಹೇಳಿದ: "ಅಕ್ಕಾರೆ, ನಿಮ್ ಕಾಲತ್ರನೇ ಐತೆ. ಅಂಗೇ ಇಂದಕ್ಕೆ ಓಗಿ, ಕ್ಯಾಮ್ರಾ ಇಡ್ಕೊಂಡು ನಿಂತ್ಕೊಳ್ಳಿ. ನಾವು ಈ ಕಡೀಕೆ ಎಬ್ಬುಸ್ತೀವಿ."

ಅವನು ಹೇಳಿದ್ದು ಸರಿಯಾಗಿತ್ತು. ನಾನು ಹಿಂದೆ ಸರಿದರೆ ಮೊಲ ಬೇಕಾದಷ್ಟು ದೂರದಲ್ಲಿ, ಒಳ್ಳೆಯ ಬಿಸಿಲಿನಲ್ಲಿ, ಪೂರ್ತಿ ಸಿಗುತ್ತಿತ್ತು. ಕೈ ಗುಂಡಿಯ ಮೇಲೇ ಇತ್ತು. ಆಸೆ ಎಷ್ಟಿತ್ತೆಂದರೆ ಬಾಯಿ ಒಣಗಿತ್ತು. ಆದರೆ ಮಂಡಿ ಒಪ್ಪಲಿಲ್ಲ. ತಟಕ್ಕನೆ ಎದ್ದು ಕೋಲಿಗೂ ಮೊಲಕ್ಕೂ ನಡುವೆ ಸೆರಗು ಅಗಲಿಸಿ ನಿಂತೆ. ಮೊಲ ನನ್ನ ಹಿಂದಿನಿಂದ ಚಿಮ್ಮಿ, ರಾಗಿ ಕಂತೆಗಳನ್ನು ಹಾರಿ, ಬದು ದಾಟಿ, ಲಂಟಾನ ಪೊದೆಯಲ್ಲಿ ಮಾಯವಾಯಿತು. ನಾನು ಚಿಕ್ಕ ಹುಡುಗಿಯ ಹಾಗೆ ಕುಣಿಯುತ್ತಿದ್ದೆ. ಕ್ಯಾಮೆರಾ ಸುಮ್ಮನೆ ಕೊರಳಲ್ಲಿ ನೇತಾಡುತ್ತಿತ್ತು.

"ಕುಣೀತಾವ್ಳೆ ನೋಡು" ಎಂದು ವೆಂಕಟಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಸಾರೂ ಇಲ್ಲ, ಪೋಟೋನೂ ಇಲ್ಲ. ಇದಕ್ಕಾ ಬೆಳಗಿಂದ ಸಾಲಲ್ಲಿ ಕೂತಿದ್ದು?"

"ತಪ್ಪಾಯ್ತು ಕಣಮ್ಮ. ನನ್ನ ಮಂಡಿಗೆ ಒರಗಿ ಕೂತಿತ್ತು. ಎದೆ ಡವಡವ ಅಂತಿತ್ತು, ನಂಗೆ ಗೊತ್ತಾಗ್ತಿತ್ತು."

ಸೀರೆಯ ಮೇಲೆ ಅಂಟಿದ್ದ ಬೂದು ಕೂದಲು ತೋರಿಸಿದೆ. ಕೊಯ್ಯುವವರೆಲ್ಲ ಬಗ್ಗಿ ನೋಡಿ, ನಗುತ್ತ ಕೆಲಸಕ್ಕೆ ಮರಳಿದರು. ಗೋಪಾಲಪ್ಪ ಮಾತ್ರ ಮುಖ ಊದಿಸಿಕೊಂಡು ದೂರ ನಿಂತಿದ್ದ. ಎಲ್ಲರೂ ಅತ್ತ ಹೋದ ಮೇಲೆ ಬಂದು, ಕುಕ್ಕರುಗಾಲಲ್ಲಿ ಕೂತು, ಒಂದೆರಡು ಕೂದಲನ್ನು ಬೆರಳಲ್ಲಿ ಎತ್ತಿಕೊಂಡ.

"ಸಣ್ಣೋನಿದ್ದಾಗಿಂದ ಮೊಲ ಒಡೀತಾ ಇವ್ನಿ ಅಕ್ಕಾರೆ" ಎಂದ. "ಬದುಕಿರೋದನ್ನ ಒಂದ್ ಸಲಾನೂ ಮುಟ್ಟಿಲ್ಲ."

ಹೆಂಡತಿಗೆ ಕೇಳಿಸೀತೆಂದು ದನಿ ಇನ್ನೂ ತಗ್ಗಿಸಿದ.

"ಬೆಚ್ಚಗಿತ್ತಾ?"